ಬ್ರೇಕ್ ಪೆಡಲ್ ಮೆತ್ತಗಾಗಿದೆಯೇ? ಆಯಿಲ್ ಎಲ್ಲಿಗೆ ಹೋಗುತ್ತಿದೆ ಎಂದು ಮೊದಲು ಹುಡುಕಿ

ಬ್ರೇಕ್ ಮೆತ್ತಗಾಗಿದೆ ಎಂದು ಕಾರನ್ನು ಗ್ಯಾರೇಜಿಗೆ ಒಯ್ದರೆ ಬಹುಪಾಲು ಎರಡರಲ್ಲಿ ಒಂದು ಉತ್ತರ ಸಿಗುತ್ತದೆ. "ಏರ್ ಹಿಡಿದಿದೆ, ಬ್ಲೀಡಿಂಗ್ ಮಾಡೋಣ" (ಆಯಿಲಿನೊಳಗೆ ಸೇರಿದ ಗಾಳಿಯನ್ನು ಹೊರತೆಗೆಯೋಣ) ಎನ್ನುತ್ತಾರೆ, ಇಲ್ಲವೇ "ಮಾಸ್ಟರ್ ಸಿಲಿಂಡರ್ ಹೋಗಿದೆ, ಹೊಸದು ಹಾಕೋಣ" ಎನ್ನುತ್ತಾರೆ. ಎರಡೂ ಸರಿಯಿರಬಹುದು. ಆದರೆ ಹಿಂದಿನ ಡ್ರಮ್ಮಿನ ಅಡ್ಜಸ್ಟರ್ (ಲೈನರಿಗೂ ಡ್ರಮ್ಮಿಗೂ ನಡುವಿನ ಸಂದನ್ನು ಹದದಲ್ಲಿಡುವ ಭಾಗ) ತುಕ್ಕು ಹಿಡಿದು ನಿಂತುಹೋದ ಕಾರಿಗೆ ಎಷ್ಟು ಸಲ ಬ್ಲೀಡಿಂಗ್ ಮಾಡಿದರೂ ಪೆಡಲ್ ಮೇಲೆ ಬರುವುದಿಲ್ಲ. ಹೊಸ ಮಾಸ್ಟರ್ ಸಿಲಿಂಡರ್ ಹಾಕಿದರೂ ಅಷ್ಟೇ. ದುಡ್ಡು ಹೋಗುತ್ತದೆ, ದೋಷ ಅಲ್ಲೇ ಉಳಿಯುತ್ತದೆ. ಪಾನಾ ಕೈಗೆತ್ತಿಕೊಳ್ಳುವ ಮೊದಲು ಹತ್ತು ನಿಮಿಷ ಕಾಲಿನಿಂದಲೇ ಮಾಡುವ ಪರೀಕ್ಷೆಗಳು ದೋಷವಿರುವ ಜಾಗವನ್ನು ಮುಕ್ಕಾಲು ಪಾಲು ತೋರಿಸಿಕೊಡುತ್ತವೆ.

ಪೆಡಲ್ ಎಂದರೆ ಆಯಿಲಿನ ಅಳತೆಗೋಲು

ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಮುಂದೆ ಸರಿದು, ಇಷ್ಟು ಎಂದು ಅಳೆದಂತೆ ಬ್ರೇಕ್ ಆಯಿಲನ್ನು ಚಕ್ರಗಳ ಕಡೆಗೆ ತಳ್ಳುತ್ತದೆ. ಪ್ಯಾಡ್ ಡಿಸ್ಕಿಗೆ, ಲೈನರ್ ಡ್ರಮ್ಮಿಗೆ ತಾಗಿದ ಮೇಲೆ ಆಯಿಲಿಗೆ ಹೋಗಲು ಜಾಗವಿರುವುದಿಲ್ಲ. ಅಲ್ಲಿಂದ ಮುಂದೆ ಒತ್ತಡ ಮಾತ್ರ ಏರುತ್ತದೆ, ಕಾಲಿಗೆ ಪೆಡಲ್ ಗಟ್ಟಿಯಾಗಿ ಸಿಗುತ್ತದೆ. ಪೆಡಲ್ ಇರಬೇಕಾದ್ದಕ್ಕಿಂತ ಕೆಳಗೆ ಹೋಗುತ್ತಿದೆ ಎಂದರೆ ಆಯಿಲ್ ಹೋಗಬಾರದ ಎಲ್ಲಿಗೋ ಹೋಗುತ್ತಿದೆ. ಅದಕ್ಕೆ ನಾಲ್ಕೇ ದಾರಿ: ಏರ್ ಅಥವಾ ಆವಿಯನ್ನು ಕುಗ್ಗಿಸಲು ಖರ್ಚಾಗುತ್ತಿರಬೇಕು, ಚಕ್ರದ ಹತ್ತಿರ ಅತಿಯಾದ ಸಂದನ್ನು ತುಂಬಲು ಹೋಗುತ್ತಿರಬೇಕು, ಹೊರಗೋ ಒಳಗೋ ಸೋರುತ್ತಿರಬೇಕು, ಇಲ್ಲವೇ ಹೋಸ್ ಪೈಪ್, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನಂಥ ಯಾವುದೋ ಭಾಗ ಊದುತ್ತಿರಬೇಕು ಅಥವಾ ಬಾಗುತ್ತಿರಬೇಕು.

ಇದನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಸಣ್ಣ ಕಾರಿನ ಮಾಸ್ಟರ್ ಸಿಲಿಂಡರಿನ ಒಳವ್ಯಾಸ 20 ಮಿ.ಮೀ. ಎಂದುಕೊಳ್ಳಿ. ಅದರ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 3.14 ಚದರ ಸೆಂ.ಮೀ. ಅಂದರೆ 1 ಮಿಲಿ ಆಯಿಲ್ ತಳ್ಳಲು ಪಿಸ್ಟನ್ 3.2 ಮಿ.ಮೀ. ಚಲಿಸಬೇಕು. ಪೆಡಲಿನ ಸನ್ನೆ ಅನುಪಾತ 4 ಇದ್ದರೆ ನಿಮ್ಮ ಪಾದ ಅದರ ನಾಲ್ಕು ಪಟ್ಟು, ಸುಮಾರು 13 ಮಿ.ಮೀ., ಕೆಳಗಿಳಿಯುತ್ತದೆ. ಒಂದು ಮಿಲಿಗೆ ಅರ್ಧ ಇಂಚು ಪೆಡಲ್.

ಈಗ ಪೈಪಿನಲ್ಲಿ 1 ಮಿಲಿಯಷ್ಟು ಏರ್ ಸೇರಿದೆ ಎನ್ನಿ. ಬ್ರೇಕ್ ಒತ್ತಡ 50 ಬಾರ್ ತಲುಪುವ ಹೊತ್ತಿಗೆ ಆ ಗುಳ್ಳೆ ಐವತ್ತರಲ್ಲಿ ಒಂದು ಪಾಲಿಗೆ ಕುಗ್ಗಿರುತ್ತದೆ. ಅದು ಖಾಲಿ ಮಾಡಿದ ಜಾಗಕ್ಕೆಲ್ಲ ಆಯಿಲ್ ನುಗ್ಗಬೇಕು, ಪೆಡಲ್ ಹೆಚ್ಚುಕಡಿಮೆ ಅರ್ಧ ಇಂಚು ಹೆಚ್ಚಿಗೆ ಇಳಿಯುತ್ತದೆ. ಇನ್ನೊಂದು ಕಾರಿನಲ್ಲಿ ಏರ್ ಇಲ್ಲ, ಹಿಂದಿನ ಲೈನರ್ ಸವೆದಿದೆ, ಅಡ್ಜಸ್ಟರ್ ಕೆಲಸ ಮಾಡುತ್ತಿಲ್ಲ. ಲೈನರನ್ನು ಡ್ರಮ್ಮಿಗೆ ತಳ್ಳುವ 19 ಮಿ.ಮೀ. ವೀಲ್ ಸಿಲಿಂಡರಿನ ಎರಡೂ ಪಿಸ್ಟನ್‌ಗಳು ತಲಾ 1 ಮಿ.ಮೀ. ಹೆಚ್ಚಿಗೆ ಹೊರಬರಬೇಕಾದರೆ ಒಂದು ಚಕ್ರಕ್ಕೆ 0.57 ಮಿಲಿ, ಎರಡು ಚಕ್ರಕ್ಕೆ 1.1 ಮಿಲಿಗೂ ಹೆಚ್ಚು. ಮತ್ತೆ ಅದೇ ಅರ್ಧ ಇಂಚು. ಮೂರನೆಯ ಕಾರಿನಲ್ಲಿ ಮುಂದಿನ ಒಂದು ಚಕ್ರದ ಬೇರಿಂಗ್ ಸಡಿಲವಾಗಿ, ಓಲಾಡುವ ಡಿಸ್ಕ್ ಪ್ಯಾಡನ್ನು ಬರಿಯ ಅರ್ಧ ಮಿ.ಮೀ. ಹಿಂದಕ್ಕೆ ತಳ್ಳಿದೆ. ಕ್ಯಾಲಿಪರ್ ಪಿಸ್ಟನ್ 51 ಮಿ.ಮೀ. ವ್ಯಾಸವಿದ್ದರೆ ಅದೊಂದೇ 1 ಮಿಲಿ ನುಂಗುತ್ತದೆ. ಮೂರು ಬೇರೆ ಬೇರೆ ದೋಷ, ಒಂದೇ ಎತ್ತರದ ಪೆಡಲ್. ಆದ್ದರಿಂದ "ಎಷ್ಟು ಕೆಳಗೆ ಹೋಗುತ್ತಿದೆ" ಎನ್ನುವುದಕ್ಕಿಂತ "ಹೇಗೆ ಹೋಗುತ್ತಿದೆ" ಎನ್ನುವುದು ಹೆಚ್ಚು ಹೇಳುತ್ತದೆ.

ಕಾಲಿಗೆ ಸಿಗುವ ಸುಳಿವು

ಕಾರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಅಡ್ಡ ಕಲ್ಲು ಕೊಟ್ಟು, ಎಂಜಿನ್ ಆಫ್ ಮಾಡಿ. ಫ್ಲೋರ್ ಮ್ಯಾಟ್ ಪೆಡಲಿನ ಕೆಳಗೆ ಮಡಚಿಕೊಂಡಿಲ್ಲ ಎಂದು ನೋಡಿಕೊಳ್ಳಿ. ತಮಾಷೆಯಲ್ಲ, ಇದೂ ಆಗುತ್ತದೆ. ಬ್ರೇಕನ್ನು ಐದಾರು ಸಲ ಒತ್ತಿ ಬಿಟ್ಟರೆ ಕಾಲಿನ ಬಲ ಹೆಚ್ಚಿಸಿಕೊಡುವ ಬೂಸ್ಟರಿನಲ್ಲಿ ಉಳಿದಿದ್ದ ವ್ಯಾಕ್ಯೂಮ್ ಖಾಲಿಯಾಗಿ ಪೆಡಲ್ ಬಿಗಿಯಾಗುತ್ತದೆ. ಇನ್ನು ಮೇಲೆ ನಿಮ್ಮ ಕಾಲಿಗೆ ಸಿಗುವುದು ಹೈಡ್ರಾಲಿಕ್ ಭಾಗದ ನಿಜವಾದ ಸ್ಥಿತಿ.

ಹಾಗೇ ಒತ್ತಿ ಹಿಡಿದು ಎಂಜಿನ್ ಸ್ಟಾರ್ಟ್ ಮಾಡಿದರೆ ಪೆಡಲ್ ಒಂದಿಷ್ಟು ಕೆಳಗೆ ಇಳಿಯುತ್ತದೆ. ಇಳಿಯಲೇಬೇಕು, ಅದು ಬೂಸ್ಟರ್ ಚೆನ್ನಾಗಿದೆ ಎಂಬುದರ ಗುರುತು. ಇದನ್ನೇ ದೋಷ ಎಂದುಕೊಂಡು ಗಾಬರಿಯಾಗುವವರು ಬಹಳ. ಬೂಸ್ಟರ್ ಕೆಟ್ಟರೆ ಪೆಡಲ್ ಮೆತ್ತಗಾಗುವುದಿಲ್ಲ, ಕಲ್ಲಿನಂತೆ ಗಟ್ಟಿಯಾಗುತ್ತದೆ. ಮೆತ್ತಗಿನ ಪೆಡಲಿಗೆ ಬೂಸ್ಟರ್ ಬದಲಿಸಬೇಕು ಎಂದು ಯಾರಾದರೂ ಹೇಳಿದರೆ ಕಾರಣ ಕೇಳಿ.

ಈಗ ಎಂಜಿನ್ ಮತ್ತೆ ಆಫ್ ಮಾಡಿ, ವ್ಯಾಕ್ಯೂಮ್ ಖಾಲಿ ಮಾಡಿ, ಪೆಡಲನ್ನು ಒಂದೇ ಸಲ ನಿಧಾನವಾಗಿ ಒತ್ತಿ.

ಅದು ಸ್ಪ್ರಿಂಗಿನ ಮೇಲೆ ಕಾಲಿಟ್ಟಂತೆ, ಒತ್ತಿದಷ್ಟೂ ಸ್ವಲ್ಪ ಸ್ವಲ್ಪ ಕೊಡುತ್ತಾ ಹೋಗುತ್ತಿದ್ದರೆ ಏರ್ ಇದೆ, ಇಲ್ಲವೇ ಏನೋ ಊದುತ್ತಿದೆ. ಸೈಕಲ್ ಪಂಪಿನ ಬಾಯನ್ನು ಬೆರಳಿನಿಂದ ಮುಚ್ಚಿ ಒತ್ತಿದರೆ ಕೈಗೆ ಸಿಗುವ ಪುಟಿತ ಇದೆಯಲ್ಲ, ಅದೇ ಇದು. ಇನ್ನೊಂದು ಬಗೆಯಲ್ಲಿ ಪೆಡಲ್ ಸಲೀಸಾಗಿ ಕೆಳಗೆ ಹೋಗಿ, ಹೋದ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ. ಪುಟಿತವಿಲ್ಲ, ಎತ್ತರ ಮಾತ್ರ ಕಡಿಮೆ. ಇದು ಸಂದಿನ ಲಕ್ಷಣ. ಮೂರನೆಯದು ಬೇಕಾದ ಎತ್ತರದಲ್ಲೇ ಸಿಕ್ಕಿ, ಒತ್ತಿ ಹಿಡಿದಿದ್ದಂತೆ ಲಿಫ್ಟ್ ಇಳಿದಂತೆ ಇಳಿಯುವ ಪೆಡಲ್. ಸಿಗ್ನಲ್ಲಿನಲ್ಲಿ ನಿಂತಾಗ ಇದು ಹೆಚ್ಚು ಗೊತ್ತಾಗುತ್ತದೆ. ಇದು ಸೋರಿಕೆ, ಒಳಗಿನದೋ ಹೊರಗಿನದೋ.

ಮುಂದೆ, ಬೇಗ ಬೇಗ ಮೂರು ಸಲ ಪಂಪ್ ಮಾಡಿ ನೋಡಿ. ಪಂಪ್ ಮಾಡಿದರೆ ಪೆಡಲ್ ಮೇಲೆ ಬರಲು ಒಂದು ಕಾರಣವಿದೆ: ಪೆಡಲ್ ಬೇಗ ಬಿಟ್ಟಾಗ ಚಕ್ರದ ಕಡೆಗೆ ಹೋದ ಆಯಿಲ್ ಪೂರ್ತಿ ಹಿಂದಿರುಗುವ ಮೊದಲೇ ಮಾಸ್ಟರ್ ಸಿಲಿಂಡರ್ ಮೇಲಿನ ಡಬ್ಬಿಯಿಂದ ಹೊಸದಾಗಿ ತುಂಬಿಕೊಳ್ಳುತ್ತದೆ. ಎರಡನೆಯ ಒತ್ತು ಮೊದಲಿನದರ ಮೇಲೆ ಸೇರುತ್ತದೆ. ಮೇಲೆ ಬಂದ ಪೆಡಲ್ ಗಟ್ಟಿಯಾಗಿದ್ದರೆ ಸಂದು. ಮೇಲೆ ಬಂದರೂ ಪುಟಿಯುತ್ತಲೇ ಇದ್ದರೆ ಏರ್. ಎಷ್ಟು ಪಂಪ್ ಮಾಡಿದರೂ ಮೇಲೆ ಬರದಿದ್ದರೆ ಮಾಸ್ಟರ್ ಸಿಲಿಂಡರಿನ ಕಪ್ (ಪಿಸ್ಟನ್ನಿನ ರಬ್ಬರ್ ಸೀಲ್) ಹೋಗಿದೆ, ಅಥವಾ ಒಂದು ಸರ್ಕ್ಯೂಟಿನ ಆಯಿಲ್ ಪೂರ್ತಿ ಖಾಲಿಯಾಗಿದೆ.

ಆ ಕೊನೆಯದನ್ನು ಬೇರೆ ಮಾಡಿ ಗುರುತಿಸಬೇಕು. ಈಗಿನ ಕಾರುಗಳಲ್ಲೆಲ್ಲ ಮಾಸ್ಟರ್ ಸಿಲಿಂಡರಿನೊಳಗೆ ಒಂದರ ಮುಂದೆ ಒಂದು ಎರಡು ಪಿಸ್ಟನ್ ಇರುತ್ತವೆ, ಎರಡು ಪ್ರತ್ಯೇಕ ಸರ್ಕ್ಯೂಟ್. ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಸಾಮಾನ್ಯವಾಗಿ ಇವು ಓರೆಯಾಗಿ ಹಂಚಿರುತ್ತವೆ: ಮುಂದಿನ ಎಡಕ್ಕೆ ಹಿಂದಿನ ಬಲ ಜೋಡಿ. ಒಂದು ಸರ್ಕ್ಯೂಟ್ ಹೋದರೆ ಪೆಡಲ್ ಅರ್ಧಕ್ಕಿಂತ ಕೆಳಗೆ ಕುಸಿದು ಆಮೇಲೆ ಹಿಡಿಯುತ್ತದೆ, ಬ್ರೇಕ್ ದೀಪ ಉರಿಯಬಹುದು, ಕಾರು ಒಂದು ಪಕ್ಕಕ್ಕೆ ಎಳೆಯಬಹುದು. ಎರಡನೆಯ ಸರ್ಕ್ಯೂಟ್ ಉಳಿದಿದೆ ಎಂದು ಹಾಗೇ ಓಡಿಸಿಕೊಂಡು ಗ್ಯಾರೇಜಿಗೆ ಹೋಗುವ ಯೋಚನೆ ಬೇಡ. ಟೋ ಮಾಡಿಸಿ.

ಹ್ಯಾಂಡ್ ಬ್ರೇಕ್ ಪರೀಕ್ಷೆ

ನಮ್ಮಲ್ಲಿ ಓಡುವ ಸಣ್ಣ ಕಾರುಗಳ ಪೈಕಿ ಹೆಚ್ಚಿನವು ಮುಂದೆ ಡಿಸ್ಕ್, ಹಿಂದೆ ಡ್ರಮ್. ಆ ಕಾರುಗಳಿಗೆ ಇದರಷ್ಟು ಅಗ್ಗದ ಪರೀಕ್ಷೆ ಬೇರೊಂದಿಲ್ಲ. ಪೆಡಲ್ ಒತ್ತಿ ಎತ್ತರ ನೋಡಿಕೊಳ್ಳಿ. ಬಿಟ್ಟು, ಹ್ಯಾಂಡ್ ಬ್ರೇಕ್ ಚೆನ್ನಾಗಿ ಎಳೆಯಿರಿ. ಮತ್ತೆ ಪೆಡಲ್ ಒತ್ತಿ. ಈಗ ಪೆಡಲ್ ಎದ್ದು ಕಾಣುವಷ್ಟು ಮೇಲೇ ಸಿಕ್ಕರೆ ದೋಷ ಹಿಂದಿನ ಡ್ರಮ್ಮಿನಲ್ಲಿದೆ, ಏಕೆಂದರೆ ಹ್ಯಾಂಡ್ ಬ್ರೇಕಿನ ಕೇಬಲ್ ಲೈನರ್ ಹೊತ್ತ ಶೂಗಳನ್ನು ಮೊದಲೇ ಹೊರಗೆ ಸರಿಸಿ ಆಯಿಲ್ ತುಂಬಬೇಕಿದ್ದ ಸಂದನ್ನು ಮುಚ್ಚಿರುತ್ತದೆ. ಬ್ಲೀಡಿಂಗಿಗೆ ಕೊಡುವ ದುಡ್ಡು ಇಲ್ಲೇ ಉಳಿಯಿತು.

ಡ್ರಮ್ ಬಿಚ್ಚಿ ನೋಡಿದರೆ ಸಾಮಾನ್ಯವಾಗಿ ಕಾಣುವುದು ಅಡ್ಜಸ್ಟರಿನ ಹಲ್ಲಿನ ಚಕ್ರ ತುಕ್ಕಿನಿಂದ ಬಿಗಿದಿರುವುದು, ಅದರ ಪುಟ್ಟ ಸ್ಪ್ರಿಂಗ್ ಮುರಿದಿರುವುದು, ಅಥವಾ ಕಳೆದ ಸಲ ಲೈನರ್ ಹಾಕಿದವರು ಎಡದ ಅಡ್ಜಸ್ಟರನ್ನು ಬಲಕ್ಕೆ ಹಾಕಿರುವುದು. ಎಡ ಬಲದ ಮರೆಗಳು (ಸ್ಕ್ರೂವಿನ ಸುತ್ತುಗೆರೆಗಳು) ವಿರುದ್ಧ ದಿಕ್ಕಿನವಾದ್ದರಿಂದ ಅದಲುಬದಲಾದ ಅಡ್ಜಸ್ಟರ್ ಸಂದು ಕಡಿಮೆ ಮಾಡುವ ಬದಲು ಹೆಚ್ಚಿಸುತ್ತದೆ. ಮರೆಯನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ, ಹೆಚ್ಚು ಶಾಖ ತಡೆಯುವ ಬ್ರೇಕ್ ಗ್ರೀಸನ್ನು ತೆಳ್ಳಗೆ ಹಚ್ಚಿ, ಕೈಯಲ್ಲಿ ತಿರುಗುತ್ತದೆ ಎಂದು ಖಾತ್ರಿ ಮಾಡಿಕೊಳ್ಳಿ. ಡ್ರಮ್ ಹಾಕಿ ತಿರುಗಿಸಿದಾಗ ಲೈನರ್ ಸಣ್ಣಗೆ ಸವರುವ ಸದ್ದು ಬರುವ ತನಕ ಅಡ್ಜಸ್ಟ್ ಮಾಡಿ. ಹ್ಯಾಂಡ್ ಬ್ರೇಕಿನ ಕೇಬಲ್ ಬಿಗಿಮಾಡುವುದು ಇದಾದ ಮೇಲೆ. ಮೊದಲೇ ಕೇಬಲ್ ಬಿಗಿಮಾಡಿ ಸಂದು ಮುಚ್ಚಿದರೆ ಅಡ್ಜಸ್ಟರ್ ಕೆಲಸ ಮಾಡುವುದೇ ನಿಂತುಹೋಗುತ್ತದೆ; ಈ ಅಡ್ಡದಾರಿ ಬಹಳ ಕಾರುಗಳಲ್ಲಿ ಕಾಣಸಿಗುತ್ತದೆ. ಡ್ರಮ್ಮಿನ ಧೂಳನ್ನು ಬಾಯಿಯಿಂದಾಗಲಿ ಏರ್ ಗನ್ನಿನಿಂದಾಗಲಿ ಊದಬೇಡಿ. ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಮಾಡಿ ಒರೆಸಿ.

ಮುಂದಿನ ಡಿಸ್ಕಿನ ಸಂದು ಬೇರೆ ಬಗೆಯದು. ಗುಂಡಿ ಬಿದ್ದ ರಸ್ತೆಯಲ್ಲೋ ತಿರುವಿನಲ್ಲೋ ಹೋದ ನಂತರದ ಮೊದಲ ಒತ್ತಿಗೆ ಪೆಡಲ್ ಕೆಳಗೆ, ಎರಡನೆಯದಕ್ಕೆ ಸರಿ, ಆಮೇಲೆ ನೇರ ರಸ್ತೆಯಲ್ಲಿ ಏನೂ ಇಲ್ಲ. ಡಿಸ್ಕ್ ಓಲಾಡಿ ಪ್ಯಾಡುಗಳನ್ನು ಹಿಂದಕ್ಕೆ ತಳ್ಳುತ್ತಿದೆ ಎಂದರ್ಥ. ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ಬೇರಿಂಗ್ ನೋಡಿ. ಡಿಸ್ಕಿನ ಓಲಾಟವನ್ನು ಡಯಲ್ ಗೇಜಿನಲ್ಲಿ ಅಳೆಯುತ್ತಾರೆ. ಕಾರಿಗೆ ತಕ್ಕಂತೆ ಮಿತಿ ಬೇರೆಯಾದರೂ 0.1 ಮಿ.ಮೀ. ದಾಟಿದರೆ ಒಳ್ಳೆಯದಲ್ಲ. ಕ್ಯಾಲಿಪರ್ ಜಾರುವ ಪಿನ್ನುಗಳು ಬಿಗಿದಿದ್ದರೆ ಪ್ಯಾಡ್ ಓರೆಯಾಗಿ ಸವೆಯುತ್ತದೆ, ಒತ್ತಿದಾಗ ಇಡೀ ಕ್ಯಾಲಿಪರ್ ಬಾಗುತ್ತದೆ, ಪೆಡಲ್ ಏರ್ ಇದ್ದಂತೆಯೇ ಪುಟಿಯುತ್ತದೆ. ಎಷ್ಟು ಬ್ಲೀಡ್ ಮಾಡಿದರೂ ಹೋಗದ ಪುಟಿತಕ್ಕೆ ಇದು ಒಂದು ಕಾರಣ.

ಸೋರಿಕೆ ಎಲ್ಲಿ ಅಡಗುತ್ತದೆ

ಬಾನೆಟ್ ಎತ್ತಿ ಡಬ್ಬಿಯಲ್ಲಿ ಆಯಿಲ್ ಮಟ್ಟ ನೋಡಿ. ಪ್ಯಾಡ್ ಸವೆದಂತೆ ತಿಂಗಳುಗಳಲ್ಲಿ ಮಟ್ಟ ನಿಧಾನವಾಗಿ ಇಳಿಯುವುದು ಸಹಜ. ಕೆಲವೇ ದಿನಗಳಲ್ಲಿ ಇಳಿದರೆ ಎಲ್ಲೋ ಸೋರುತ್ತಿದೆ. ಸುಮ್ಮನೆ ಆಯಿಲ್ ಸುರಿದು ಮುಚ್ಚಳ ಹಾಕಿದರೆ ಸುಳಿವನ್ನೇ ಅಳಿಸಿದಂತೆ.

ನಾಲ್ಕೂ ಟೈರುಗಳ ಒಳಮೈ ಮುಟ್ಟಿ ನೋಡಿ. ಬ್ರೇಕ್ ಆಯಿಲ್ ತೆಳ್ಳಗೆ, ಜಾರು ಜಾರಾಗಿ, ಮೀನಿನಂಥ ಸಣ್ಣ ವಾಸನೆಯೊಂದಿಗೆ ಸಿಗುತ್ತದೆ. ಹಿಂದಿನ ಡ್ರಮ್ಮಿನ ತಗಡಿನ ಕೆಳ ಅಂಚು ಒದ್ದೆಯಾಗಿದ್ದರೆ ವೀಲ್ ಸಿಲಿಂಡರ್. ಡ್ರಮ್ ಬಿಚ್ಚಿ, ಸಿಲಿಂಡರಿನ ರಬ್ಬರ್ ಟೊಪ್ಪಿಯನ್ನು ಉಗುರಿನಿಂದ ಎತ್ತಿ. ಒಳಗೆ ಹನಿ ನಿಂತಿದ್ದರೆ ಬದಲಿಸಿ. ಆಯಿಲ್ ಕುಡಿದ ಲೈನರನ್ನು ತೊಳೆದು ಮತ್ತೆ ಹಾಕುವುದು ಬೇಡ. ಆಮೇಲೆ ಪೈಪ್ ಜೋಡಣೆಗಳು, ಕ್ಯಾಲಿಪರಿನ ತಾಮ್ರದ ವಾಷರುಗಳು, ಕಾರಿನ ತಳದುದ್ದಕ್ಕೂ ಹಿಂದಕ್ಕೆ ಹೋಗುವ ಉಕ್ಕಿನ ಪೈಪುಗಳನ್ನು ನೋಡಿ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಇರುವ ಕಾರುಗಳಲ್ಲಿ ಪ್ಲಾಸ್ಟಿಕ್ ಕ್ಲಿಪ್ಪಿನ ಕೆಳಗೆ, ಕಣ್ಣಿಗೆ ಕಾಣದ ಕಡೆಯೇ ಪೈಪ್ ತುಕ್ಕು ತಿಂದಿರುತ್ತದೆ. ಕ್ಲಿಪ್ ಬಿಚ್ಚದೆ ಗೊತ್ತಾಗುವುದಿಲ್ಲ.

ಎಲ್ಲ ಒಣಗಿದೆ, ಆದರೂ ಡಬ್ಬಿಯ ಮಟ್ಟ ಇಳಿಯುತ್ತಿದೆ ಎಂದರೆ ಬೂಸ್ಟರಿನೊಳಗೆ ನೋಡಬೇಕು. ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲ್ ಹೋದರೆ ಆಯಿಲ್ ಹೊರಗೆ ಬೀಳದೆ ಬೂಸ್ಟರಿನ ಹೊಟ್ಟೆಗೆ ಇಳಿಯುತ್ತದೆ. ಸಿಲಿಂಡರನ್ನು ಬೂಸ್ಟರಿಗೆ ಹಿಡಿದಿರುವ ಎರಡು ನಟ್ ಸಡಿಲಿಸಿ, ಪೈಪ್ ಬಗ್ಗದಷ್ಟು ಮಾತ್ರ ಮುಂದೆ ಸರಿಸಿ, ಬೆರಳು ಹಾಕಿ ನೋಡಿ. ಒದ್ದೆಯಿದ್ದರೆ ಉತ್ತರ ಸಿಕ್ಕಿತು. ಆಯಿಲ್ ಬೂಸ್ಟರಿನ ರಬ್ಬರ್ ಪೊರೆಯನ್ನೂ ಹಾಳು ಮಾಡುವುದರಿಂದ ತಡ ಮಾಡಿದರೆ ಎರಡು ಬಿಲ್.

ಒಳಸೋರಿಕೆಯಲ್ಲಿ ಡಬ್ಬಿಯ ಮಟ್ಟ ಇಳಿಯುವುದೇ ಇಲ್ಲ. ಕಪ್ಪಿನ ತುಟಿ ಸವೆದು ಆಯಿಲ್ ಪಿಸ್ಟನ್ನಿನ ಮುಂದಿನಿಂದ ಹಿಂದಕ್ಕೆ ಜಾರುತ್ತದೆ, ಪೆಡಲ್ ಇಳಿಯುತ್ತದೆ, ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಇದನ್ನು ಹಿಡಿಯಲು ಎಂಜಿನ್ ಆಫ್ ಇರುವಾಗ ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿಯಬೇಕು, ಅದೂ ಎರಡು ರೀತಿಯಲ್ಲಿ: ಒಮ್ಮೆ ಜೋರಾಗಿ, ಇನ್ನೊಮ್ಮೆ ಹಗುರವಾಗಿ. ಜೋರಾಗಿ ಒತ್ತಿದಾಗ ಒತ್ತಡವೇ ಕಪ್ಪಿನ ತುಟಿಯನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ, ಪೆಡಲ್ ನಿಲ್ಲುತ್ತದೆ. ಹಗುರವಾಗಿ ಒತ್ತಿದಾಗ ತುಟಿ ಸಡಿಲವಿದ್ದು ಸೋರುತ್ತದೆ. "ಗಟ್ಟಿಯಾಗಿ ಒತ್ತಿ ನೋಡಿದೆವು, ಏನೂ ಇಲ್ಲ" ಎಂದು ಹಿಂದಕ್ಕೆ ಕಳಿಸಿದ ಕಾರು ಸಿಗ್ನಲ್ಲಿನಲ್ಲಿ ಮತ್ತೆ ಪೆಡಲ್ ಇಳಿಸುವುದು ಹೀಗೆ. ಎಂಜಿನ್ ಓಡುತ್ತಿರುವಾಗ ಮೈಭಾರ ಹಾಕಿ ತುಳಿದರೆ ಒಳ್ಳೆಯ ಬ್ರೇಕಿನ ಪೆಡಲ್ ಕೂಡ ಸ್ವಲ್ಪ ಕೊಡುತ್ತದೆ. ಅದನ್ನು ನೋಡಿ ತೀರ್ಪು ಕೊಡಬೇಡಿ.

ಹೋಸ್ ಒತ್ತಿ ಹಿಡಿದು ಜಾಗ ಕಿರಿದು ಮಾಡುವುದು

ಇಷ್ಟಾದರೂ ತೀರ್ಮಾನವಾಗದಿದ್ದರೆ ಚಕ್ರಗಳ ರಬ್ಬರ್ ಹೋಸುಗಳನ್ನು ಒಂದೊಂದಾಗಿ ಒತ್ತಿ ಮುಚ್ಚುವ ಪರೀಕ್ಷೆ ಇದೆ. ಇದಕ್ಕೆ ದುಂಡು ಬಾಯಿಯ ಹೋಸ್ ಕ್ಲ್ಯಾಂಪೇ ಬೇಕು. ಹಲ್ಲಿರುವ ಪ್ಲೈಯರಿನಲ್ಲಿ ಹಿಸುಕಿದರೆ ಹೋಸ್ ಒಳಗೆ ಹರಿಯುತ್ತದೆ, ಹೊರಗೆ ಗೊತ್ತಾಗುವುದಿಲ್ಲ. ಉಕ್ಕಿನ ಹೆಣಿಗೆಯ ಹೋಸಿದ್ದರೆ ಈ ಪರೀಕ್ಷೆ ಮಾಡಲೇಬೇಡಿ. ಬಿರುಕುಬಿಟ್ಟ ಹಳೆಯ ಹೋಸ್ ಆದರೆ ಒತ್ತುವ ಬದಲು ನೇರವಾಗಿ ಬದಲಿಸಿ, ಎಡ ಬಲ ಎರಡೂ.

ನಾಲ್ಕು ಚಕ್ರದ ಹೋಸುಗಳನ್ನೂ ಮುಚ್ಚಿ ಪೆಡಲ್ ಒತ್ತಿ. ಮೇಲೆಯೇ ಕಲ್ಲಿನಂತೆ ಗಟ್ಟಿ ಸಿಕ್ಕರೆ ಮಾಸ್ಟರ್ ಸಿಲಿಂಡರ್ ಚೆನ್ನಾಗಿದೆ. ಒಂದೊಂದೇ ಕ್ಲ್ಯಾಂಪ್ ತೆಗೆಯುತ್ತಾ ಹೋದಂತೆ ಯಾವುದನ್ನು ಬಿಟ್ಟಾಗ ಪೆಡಲ್ ಕುಸಿಯುತ್ತದೋ ಆ ಚಕ್ರವೇ ದೋಷಿ. ನಾಲ್ಕೂ ಮುಚ್ಚಿದಾಗಲೂ ಮೆತ್ತಗಿದ್ದರೆ ದೋಷ ಮಾಸ್ಟರ್ ಸಿಲಿಂಡರ್, ಎಬಿಎಸ್ ಘಟಕ, ಅಥವಾ ನಡುವಿನ ಉಕ್ಕಿನ ಪೈಪಿನಲ್ಲಿದೆ. ಆಗ ಮಾಸ್ಟರ್ ಸಿಲಿಂಡರಿನ ಪೈಪುಗಳನ್ನು ಬಿಚ್ಚಿ, ಆ ಬಾಯಿಗಳಿಗೆ ಅದೇ ಮರೆಯ ಪ್ಲಗ್ ಹಾಕಿ, ಸಿಲಿಂಡರಿನ ಏರ್ ತೆಗೆದು ಒತ್ತಿ. ಪ್ಲಗ್ ಹಾಕಿದ ಒಳ್ಳೆಯ ಸಿಲಿಂಡರಿನಲ್ಲಿ ಪೆಡಲ್ ಒಂದಿಷ್ಟೂ ಕೊಡಬಾರದು. ಹೊಸ ಸಿಲಿಂಡರ್ ಕೊಳ್ಳುವ ಮುನ್ನ ಈ ಒಂದು ಪರೀಕ್ಷೆಯನ್ನಾದರೂ ಮಾಡಿಸಿ.

ಒಬ್ಬರು ಪೆಡಲ್ ಒತ್ತುವಾಗ ಇನ್ನೊಬ್ಬರು ಬಾನೆಟ್ ಕೆಳಗೆ ಬೂಸ್ಟರನ್ನು ನೋಡಲಿ. ಸಿಲಿಂಡರ್ ಸಮೇತ ಅದು ಮುಂದಕ್ಕೆ ಸರಿಯುತ್ತಿದ್ದರೆ ನಟ್ ಸಡಿಲ ಅಥವಾ ತಗಡು ಬಿರುಕು. ಅಪರೂಪ, ಆದರೆ ನೋಡಲು ಅರ್ಧ ನಿಮಿಷ ಸಾಕು.

ಘಾಟಿಯಲ್ಲಿ ಮಾತ್ರ ಮೆತ್ತಗಾಗುವ ಬ್ರೇಕ್

ಆಗುಂಬೆ, ಚಾರ್ಮಾಡಿ, ಶಿರಾಡಿ ಇಳಿಯುವಾಗ ಪೆಡಲ್ ಕೆಳಗೆ ಹೋಯಿತು. ಕೆಳಗೆ ನಿಲ್ಲಿಸಿ ಚಹಾ ಕುಡಿದು ಬಂದರೆ ಸರಿಯಾಗಿದೆ. ಮರುದಿನ ಗ್ಯಾರೇಜಿನಲ್ಲಿ ಯಾವ ದೋಷವೂ ಸಿಗಲಿಲ್ಲ. ಈ ಬಗೆಯ ದೂರಿಗೆ ಕಾರಣ ಆಯಿಲ್ ಕುದಿಯುವುದು.

ಬ್ರೇಕ್ ಆಯಿಲ್ ಗ್ಲೈಕಾಲ್ ಆಧಾರದ ದ್ರವ. ಅದು ಹೋಸಿನ ರಬ್ಬರಿನ ಮೂಲಕ, ಡಬ್ಬಿಯ ಮುಚ್ಚಳದ ಮೂಲಕ ಗಾಳಿಯ ತೇವ ಹೀರುತ್ತಲೇ ಇರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲಿನ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್; ಶೇ. 3.7ರಷ್ಟು ನೀರು ಸೇರಿದ ಮೇಲೆ ಅದು 140. ಡಾಟ್ 4 ಆದರೆ 230 ಮತ್ತು 155. ಡಾಟ್ 5.1ಕ್ಕೆ 260 ಮತ್ತು 180. ಮಲೆನಾಡು, ಕರಾವಳಿಯ ನಾಲ್ಕು ತಿಂಗಳ ಮಳೆಗಾಲದಲ್ಲಿ ನಿಂತ ಕಾರು ತೇವ ಹೀರುವ ವೇಗ ಹೆಚ್ಚು. ಇಳಿಜಾರಿನುದ್ದಕ್ಕೂ ಬ್ರೇಕ್ ಮೇಲೆಯೇ ಕಾಲಿಟ್ಟು ಬಂದರೆ ಕ್ಯಾಲಿಪರಿನ ಶಾಖ ಆ ಹಳೆಯ ಆಯಿಲಿನ ಕುದಿಬಿಂದು ದಾಟುತ್ತದೆ, ಆವಿಯ ಗುಳ್ಳೆಗಳಾಗುತ್ತವೆ. ಆವಿಯೂ ಏರಿನಂತೆ ಕುಗ್ಗುತ್ತದೆ, ಪೆಡಲ್ ನೆಲ ಮುಟ್ಟುತ್ತದೆ. ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಗುವುದರಿಂದ ಸಾಕ್ಷಿ ಉಳಿಯುವುದಿಲ್ಲ.

ಇದನ್ನು ಲೈನರ್ ಕಾದು ಹಿಡಿತ ಕಳೆದುಕೊಳ್ಳುವುದರೊಂದಿಗೆ ಬೆರೆಸಬಾರದು. ಲೈನರ್ ಕಾದಾಗ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಆಯಿಲ್ ಕುದಿದಾಗ ಪೆಡಲ್ಲೇ ಕುಸಿಯುತ್ತದೆ. ಮೊದಲನೆಯದಕ್ಕೆ ಪ್ಯಾಡ್, ಲೈನರ್ ನೋಡಬೇಕು. ಎರಡನೆಯದಕ್ಕೆ ಆಯಿಲ್ ಪೂರ್ತಿ ಬದಲಿಸಬೇಕು. ಎರಡಕ್ಕೂ ಮದ್ದಾಗುವ ಅಭ್ಯಾಸ ಒಂದೇ: ಹತ್ತುವಾಗ ಯಾವ ಗೇರ್ ಬೇಕಾಗುತ್ತಿತ್ತೋ ಇಳಿಯುವಾಗಲೂ ಅದೇ ಗೇರ್. ಆಯಿಲನ್ನು ಎರಡು ವರ್ಷಕ್ಕೊಮ್ಮೆ, ಅಥವಾ ಕಾರಿನ ಕೈಪಿಡಿ ಅದಕ್ಕೂ ಮೊದಲೇ ಎಂದಿದ್ದರೆ ಆಗ, ಬದಲಿಸಿ. ಕಾರು ಓಡದೆ ನಿಂತಿದ್ದರೂ ವರ್ಷದ ಲೆಕ್ಕ ತಪ್ಪುವುದಿಲ್ಲ.

ಘಾಟಿಯ ನಡುವೆಯೇ ಪೆಡಲ್ ಕುಸಿದರೆ ಬೇಗ ಬೇಗ ಪಂಪ್ ಮಾಡಿ, ಗೇರ್ ಒಂದೊಂದಾಗಿ ಇಳಿಸಿ, ಹ್ಯಾಂಡ್ ಬ್ರೇಕಿನ ಗುಂಡಿ ಒತ್ತಿ ಹಿಡಿದೇ ಹದವಾಗಿ ಎಳೆಯಿರಿ. ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಲಾಕ್ ಆಗಿ ಕಾರು ತಿರುಗುತ್ತದೆ. ಎಂಜಿನ್ ಆಫ್ ಮಾಡಬೇಡಿ. ಸ್ಟೀರಿಂಗ್ ಭಾರವಾಗುತ್ತದೆ, ಬೂಸ್ಟರ್ ಸಹಾಯವೂ ಹೋಗುತ್ತದೆ.

ಏರ್ ತೆಗೆಯುವುದು, ಮತ್ತು ಏಕೆ ಬಂತು ಎಂದು ಕೇಳುವುದು

ಪೈಪ್ ಬಿಚ್ಚದ, ಡಬ್ಬಿ ಖಾಲಿಯಾಗದ ಕಾರಿನೊಳಗೆ ಏರ್ ತಾನಾಗಿ ಹುಟ್ಟುವುದಿಲ್ಲ. ಬ್ಲೀಡ್ ಮಾಡಿ ತಿಂಗಳಲ್ಲೇ ಮತ್ತೆ ಮೆತ್ತಗಾದರೆ ಎಲ್ಲಿಂದಲೋ ಎಳೆದುಕೊಳ್ಳುತ್ತಿದೆ. ಮೊದಲ ಅನುಮಾನ ಸವೆದ ವೀಲ್ ಸಿಲಿಂಡರಿನ ಕಪ್ಪಿನ ಮೇಲಿರಲಿ: ಪೆಡಲ್ ಬಿಟ್ಟಾಗ ಆಯಿಲ್ ಹಿಂದೆ ಸರಿಯುವ ಕ್ಷಣದಲ್ಲಿ ಸಡಿಲ ತುಟಿಯ ಪಕ್ಕದಿಂದ ಗಾಳಿ ನುಸುಳುತ್ತದೆ.

ಕೆಲಸಕ್ಕೆ ಬೇಕಾದ್ದು ಕೈಪಿಡಿ ಹೇಳುವ ದರ್ಜೆಯ ಆಯಿಲ್ (ಸಣ್ಣ ಕಾರಿಗೆ ಪೂರ್ತಿ ಬದಲಿಸಲು ಒಂದು ಲೀಟರ್ ಸಾಕು), ಚಕ್ರದ ಬಳಿ ಏರ್ ಹೊರಬಿಡುವ ನಿಪ್ಪಲ್ಲಿಗೆ ಸರಿಯಾಗಿ ಕೂರುವ ರಿಂಗ್ ಸ್ಪ್ಯಾನರ್, ಪಾರದರ್ಶಕ ಟ್ಯೂಬ್, ಒಂದು ಬಾಟಲಿ, ಇಬ್ಬರು ಜನ. ಸೀಲ್ ಒಡೆದು ತಿಂಗಳುಗಟ್ಟಲೆ ಇಟ್ಟ ಆಯಿಲ್ ಬಳಸಬೇಡಿ. ಎಂಜಿನ್ ಆಯಿಲ್ಲಾಗಲಿ ಪವರ್ ಸ್ಟೀರಿಂಗ್ ಆಯಿಲ್ಲಾಗಲಿ ಒಂದು ಚಮಚ ಬಿದ್ದರೂ ಸೀಲುಗಳೆಲ್ಲ ಊದಿಕೊಳ್ಳುತ್ತವೆ. ಅನುಮಾನವಿದ್ದರೆ ಡಬ್ಬಿಯಿಂದ ನಾಲ್ಕು ಹನಿ ತೆಗೆದು ನೀರಿಗೆ ಹಾಕಿ: ಬ್ರೇಕ್ ಆಯಿಲ್ ಕರಗುತ್ತದೆ, ಎಣ್ಣೆ ತೇಲುತ್ತದೆ. ತೇಲಿದರೆ ರಬ್ಬರಿರುವ ಪ್ರತಿಯೊಂದು ಭಾಗವನ್ನೂ ಬದಲಿಸಬೇಕಾಗುತ್ತದೆ.

ಬಲಗಡೆ ಸ್ಟೀರಿಂಗಿನ ಕಾರಿನಲ್ಲಿ ಹಳೆಯ ಕ್ರಮ ದೂರದಿಂದ ಹತ್ತಿರಕ್ಕೆ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಓರೆ ಸರ್ಕ್ಯೂಟ್ ಮತ್ತು ಎಬಿಎಸ್ ಇರುವ ಕಾರುಗಳಲ್ಲಿ ಕ್ರಮ ಬೇರೆ ಇರಬಹುದು, ಕೈಪಿಡಿ ಹೇಳಿದ್ದೇ ಸರಿ. ಟ್ಯೂಬಿನ ತುದಿ ಬಾಟಲಿಯ ಆಯಿಲಿನಲ್ಲಿ ಮುಳುಗಿರಲಿ. ಒಳಗಿರುವವರು ಪೆಡಲನ್ನು ನಿಧಾನ ಒತ್ತಿ ಹಿಡಿದು "ಒತ್ತಿದೆ" ಎನ್ನಬೇಕು. ಹೊರಗಿರುವವರು ನಿಪ್ಪಲ್ ಅರ್ಧ ಸುತ್ತು ಸಡಿಲಿಸಿ, ಪೆಡಲ್ ಕೆಳಗೆ ತಲುಪುವ ಮೊದಲೇ ಮುಚ್ಚಿ "ಬಿಡು" ಎನ್ನಬೇಕು. ಮುಚ್ಚುವ ಮೊದಲು ಪೆಡಲ್ ಬಿಟ್ಟರೆ ಹೊರಹೋದ ಏರ್ ಮತ್ತೆ ಒಳಗೆ. ಪ್ರತಿ ಐದಾರು ಒತ್ತಿಗೊಮ್ಮೆ ಡಬ್ಬಿ ನೋಡಿ; ಅದು ಖಾಲಿಯಾದರೆ ಎಲ್ಲವೂ ಮೊದಲಿನಿಂದ.

ಹಳೆಯ ಕಾರಿನಲ್ಲಿ ಪೆಡಲನ್ನು ನೆಲಕ್ಕೆ ಮುಟ್ಟಿಸಬೇಡಿ. ಪೆಡಲ್ ಕೆಳಗೆ ಒಂದೂವರೆ ಇಂಚಿನ ಮರದ ತುಂಡು ಇಡಿ. ದಿನನಿತ್ಯ ಪಿಸ್ಟನ್ ಹೋಗದ ಸಿಲಿಂಡರಿನ ತುದಿಯಲ್ಲಿ ವರ್ಷಗಳ ತುಕ್ಕು, ಕೆಸರು ಕೂತಿರುತ್ತದೆ. ಕಪ್ ಅಲ್ಲಿಗೆ ನುಗ್ಗಿದರೆ ತುಟಿ ಹರಿಯುತ್ತದೆ. "ಬ್ಲೀಡಿಂಗ್ ಮಾಡಿಸಿದ ಮೇಲೆ ಮಾಸ್ಟರ್ ಸಿಲಿಂಡರ್ ಹೋಯಿತು" ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ.

ಏರ್ ಹೊರಬರಲು ಹಟ ಮಾಡಿದರೆ ಕ್ಯಾಲಿಪರುಗಳ ನಿಪ್ಪಲ್ ಮೇಲ್ಭಾಗದಲ್ಲಿದೆಯೇ ನೋಡಿ. ಎಡದ ಕ್ಯಾಲಿಪರ್ ಬಲಕ್ಕೆ ಹೋಗಿದ್ದರೆ ನಿಪ್ಪಲ್ ಕೆಳಗೆ ಬರುತ್ತದೆ, ಗುಳ್ಳೆ ಮೇಲೆಯೇ ಕೂರುತ್ತದೆ, ದಿನವಿಡೀ ಬ್ಲೀಡ್ ಮಾಡಿದರೂ ಹೋಗುವುದಿಲ್ಲ. ವ್ಯಾನ್, ಪಿಕಪ್ ಮತ್ತು ಕೆಲವು ಕಾರುಗಳಲ್ಲಿ ಹಿಂದಿನ ಆಕ್ಸಲ್ ಬಳಿ ಭಾರಕ್ಕೆ ತಕ್ಕಂತೆ ಒತ್ತಡ ಹಂಚುವ ವಾಲ್ವ್ ಇರುತ್ತದೆ. ಚಕ್ರ ಜೋತುಬಿದ್ದಾಗ ಅದು ಹಿಂದಿನ ಆಯಿಲನ್ನು ತಡೆಯುವುದರಿಂದ ಗಾಡಿಯ ಭಾರ ಚಕ್ರದ ಮೇಲಿರುವಾಗಲೇ ಬ್ಲೀಡ್ ಮಾಡಬೇಕು. ವ್ಯಾಕ್ಯೂಮ್ ಪಂಪಿನಲ್ಲಿ ಎಳೆಯುವವರು ನಿಪ್ಪಲ್ಲಿನ ಮರೆಯ ಪಕ್ಕದಿಂದ ಬರುವ ಗುಳ್ಳೆಗಳಿಗೆ ಮೋಸಹೋಗುತ್ತಾರೆ. ಹೊಸ ಮಾಸ್ಟರ್ ಸಿಲಿಂಡರನ್ನು ಕಾರಿಗೆ ಹಾಕುವ ಮೊದಲೇ ವೈಸಿನಲ್ಲಿ ಹಿಡಿದು, ಎರಡೂ ಬಾಯಿಯಿಂದ ಟ್ಯೂಬನ್ನು ಡಬ್ಬಿಗೆ ತಿರುಗಿಸಿ, ಗುಳ್ಳೆ ನಿಲ್ಲುವ ತನಕ ಮೆಲ್ಲಗೆ ಒತ್ತಬೇಕು.

ಎಬಿಎಸ್ ಘಟಕದೊಳಗೆ ವಾಲ್ವು, ಪಂಪುಗಳಿವೆ. ಮುಚ್ಚಿದ ವಾಲ್ವಿನ ಹಿಂದೆ ಸಿಕ್ಕಿಕೊಂಡ ಏರ್ ಸಾಮಾನ್ಯ ಬ್ಲೀಡಿಂಗಿಗೆ ಹೊರಬರುವುದಿಲ್ಲ. ಸ್ಕ್ಯಾನರ್ ಜೋಡಿಸಿ ಪಂಪ್ ಓಡಿಸಿಯೇ ತೆಗೆಯಬೇಕು. ಪೆಡಲ್ ಸರಿಯಿದ್ದು, ಜಲ್ಲಿಯ ಮೇಲೆ ಒಮ್ಮೆ ಎಬಿಎಸ್ ಕೆಲಸ ಮಾಡಿದ ಬೆನ್ನಿಗೆ ಮೆತ್ತಗಾದರೆ ಏರ್ ಅಲ್ಲೇ ಇತ್ತು. ಹೈಬ್ರಿಡ್ ಮತ್ತು ಕೆಲವು ಎಲೆಕ್ಟ್ರಿಕ್ ಕಾರುಗಳಲ್ಲಿ ಪೆಡಲಿನ ಬಿಗಿಯನ್ನೇ ಯಂತ್ರ ತಯಾರಿಸಿ ಕೊಡುತ್ತದೆ, ಇಲ್ಲಿ ಹೇಳಿದ ಕಾಲಿನ ಪರೀಕ್ಷೆಗಳು ಅವಕ್ಕೆ ಹೊಂದುವುದಿಲ್ಲ. ಅಂಥವನ್ನು ಸ್ಕ್ಯಾನರ್ ಇಲ್ಲದೆ ಮುಟ್ಟಬಾರದು.

ಕೆಲಸ ಮುಗಿದ ಮೇಲೆ ಬಣ್ಣದ ಮೇಲೆ ಚೆಲ್ಲಿದ ಆಯಿಲನ್ನು ಕೂಡಲೇ ನೀರಿನಿಂದ ತೊಳೆಯಿರಿ, ಇಲ್ಲದಿದ್ದರೆ ಬಣ್ಣ ಏಳುತ್ತದೆ. ಹೊಸ ಪ್ಯಾಡ್ ಹಾಕಿದ್ದರೆ ಕಾರು ಹೊರಡಿಸುವ ಮೊದಲು ಪೆಡಲ್ ಗಟ್ಟಿಯಾಗುವ ತನಕ ಪಂಪ್ ಮಾಡಲೇಬೇಕು; ಪಿಸ್ಟನ್ ಹಿಂದಕ್ಕೆ ತಳ್ಳಿರುವುದರಿಂದ ಮೊದಲ ಒತ್ತಿಗೆ ಬ್ರೇಕ್ ಇರುವುದಿಲ್ಲ, ಗ್ಯಾರೇಜಿನ ಗೋಡೆಗೆ ಗುದ್ದುವ ಕಾರುಗಳ ಕಥೆ ಇದು. ಎಂಜಿನ್ ಆನ್ ಮಾಡಿ ಒಬ್ಬರು ಜೋರಾಗಿ ಒತ್ತಿ ಹಿಡಿದಿರುವಾಗ ಇನ್ನೊಬ್ಬರು ಬಿಚ್ಚಿದ ಪ್ರತಿ ಜೋಡಣೆಯನ್ನೂ ಒಣ ಬಟ್ಟೆಯಿಂದ ಒರೆಸಿ ನೋಡಲಿ. ಖಾಲಿ ಜಾಗದಲ್ಲಿ ಗಂಟೆಗೆ 10 ಕಿ.ಮೀ. ವೇಗದಲ್ಲಿ ನಾಲ್ಕೈದು ಸಲ ನಿಲ್ಲಿಸಿ, ಆಮೇಲೆ 30ರಲ್ಲಿ. ಡಬ್ಬಿಯ ಮೇಲೆ ಆಯಿಲ್ ಮಟ್ಟಕ್ಕೆ ಪೆನ್ನಿನಿಂದ ಗೀಟು ಎಳೆದು, ಮರುದಿನ ಬೆಳಗ್ಗೆ ಒಮ್ಮೆ, ವಾರ ಕಳೆದು ಇನ್ನೊಮ್ಮೆ ನೋಡಿ.